ಯಲಹಂಕ ಕೆರೆಯಲ್ಲಿ ಕೇಳಿದ ಡಬ್ಬದ ಸದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಹಿಂದಿನ ರಾತ್ರಿ ಊಟಕ್ಕೆ ಏನಿತ್ತು?” ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಷ್ಟೋ ಜನರ ದೆವ್ವಗಳನ್ನು ನಾನು ಹೀಗೆ ಅಜೀರ್ಣದ ಲೆಕ್ಕಕ್ಕೆ ಬರೆದು ಓಡಿಸಿದ್ದೆ. ಹೇಳುವವರಿಗೆ ಬೇಜಾರಾಗುತ್ತಿತ್ತು, ನನಗೆ ಖುಷಿಯಾಗುತ್ತಿತ್ತು. ಈಗ ನನ್ನದೇ ಒಂದು ಅನುಭವ ಹೇಳಲು ಹೊರಟಿದ್ದೇನೆ. ನೀವು ಅದೇ ಪ್ರಶ್ನೆ ಕೇಳಿದರೆ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ: ಅನ್ನ, ತಿಳಿಸಾರು, ಹಪ್ಪಳ. ಬೇರೇನೂ ಇಲ್ಲ.

ಎಂಬತ್ತರ ದಶಕದ ಆರಂಭದ ಮಾತು. ನಾವು ಗಂಗಾನಗರದಲ್ಲಿದ್ದೆವು. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಅಲ್ಲಿ ನನಗೆ ಇಬ್ಬರು ಗೆಳೆಯರು. ಮುನಿರಾಜು ಯಲಹಂಕದ ಹತ್ತಿರ ಪುಟ್ಟೇನಹಳ್ಳಿಯವನು, ಲೇತ್ ಮೆಷೀನಿನ ಮೇಲೆ ಕೆಲಸ. ಅವರ ಮನೆಯವರು ತಲೆತಲಾಂತರದಿಂದ ಆ ಸುತ್ತಿನ ಕೆರೆಗಳಲ್ಲಿ ಮೀನು ಹಿಡಿದವರು. ಇನ್ನೊಬ್ಬ ಶ್ರೀಕಂಠ, ನನ್ನ ಪಕ್ಕದ ಮೇಜಿನವನು, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ, ಹೆಂಡತಿ ಸರೋಜ ಐದು ತಿಂಗಳ ಬಸುರಿ. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತುವಂತಿರಲಿಲ್ಲ. ಹಿಡಿದ ಮೀನನ್ನೆಲ್ಲ ಮುನಿರಾಜುವಿಗೆ ಕೊಟ್ಟು, ಅವರ ಮನೆಯ ಬಾವಿಯ ಹತ್ತಿರ ಸೋಪು ಹಚ್ಚಿ ಕೈ ಉಜ್ಜಿಕೊಂಡು ಮನೆಗೆ ಬರುತ್ತಿದ್ದೆ. ಅಮ್ಮನಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ದೋಣಿ ಕೊಳ್ಳುವ ಯೋಗ್ಯತೆ ನಮಗೆಲ್ಲಿಂದ ಬರಬೇಕು? ಯಶವಂತಪುರದಲ್ಲಿ ಲಾರಿಗಳು ನಿಲ್ಲುವ ಕಡೆ ಹಳೆಯ ಟ್ಯೂಬುಗಳು ಸಿಗುತ್ತಿದ್ದವು. ಪಂಕ್ಚರ್ ಹಾಕಿಸಿ, ಗಾಳಿ ತುಂಬಿಸಿ, ಮೇಲೊಂದು ಹಲಗೆ ಕಟ್ಟಿದರೆ ಒಬ್ಬ ಮನುಷ್ಯ ಕುಳಿತು ತೇಲಬಹುದಾದ ತೆಪ್ಪ ಸಿದ್ಧ. ಹುಟ್ಟು ಹಾಕಲು ಬ್ಯಾಟಿನ ಆಕಾರಕ್ಕೆ ಕೊರೆದ ಒಂದು ಮರದ ತುಂಡು. ಮೂವರಿಗೆ ಮೂರು ಟ್ಯೂಬು. ಭಾನುವಾರ ಬೆಳಿಗ್ಗೆ ಯಲಹಂಕ ಕೆರೆಗೆ ಇಳಿದರೆ ನಮ್ಮಂಥ ಸುಖಿಗಳು ಬೇರೆ ಯಾರೂ ಇಲ್ಲ.

ಚಳಿಗಾಲದಲ್ಲಿ ಆಗ ಅಲ್ಲಿ ಬೀಳುತ್ತಿದ್ದ ಮಂಜು ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ. ಅಂಥ ದಿನಗಳಿಗೆ ಮುನಿರಾಜುವಿನ ಮನೆಯವರದೇ ಒಂದು ಕ್ರಮವಿತ್ತು. ತೆಪ್ಪಗಳನ್ನು ಒಂದರ ಹಿಂದೆ ಒಂದು, ಹತ್ತು ಹತ್ತು ಮಾರು ಹಗ್ಗದಲ್ಲಿ ಕಟ್ಟಬೇಕು. ಪ್ರತಿಯೊಬ್ಬನ ಹಲಗೆಗೂ ಒಂದು ಖಾಲಿ ತಗಡಿನ ಡಬ್ಬ ತೂಗುಹಾಕಿರಬೇಕು. ಮುಂದಿನವನು ಆಗಾಗ ಡಬ್ಬವನ್ನು ಒಂದು ಸಲ ಬಡಿಯಬೇಕು, ನಡುವಿನವನು ಎರಡು, ಕೊನೆಯವನು ಮೂರು. ಯಾರದಾದರೂ ಸದ್ದು ಬರದಿದ್ದರೆ ಕೂಡಲೇ ಹಗ್ಗ ಎಳೆಯಬೇಕು. ಮಾತಾಡಿದರೆ ಮೀನು ಓಡುತ್ತದೆ, ಡಬ್ಬಕ್ಕೆ ಹೆದರುವುದಿಲ್ಲ ಎಂದು ಅವನು ಹೇಳುತ್ತಿದ್ದ. ಮೀನು ಹಾಗೆಂದು ಅವನಿಗೆ ಬರೆದುಕೊಟ್ಟಿತ್ತೇನೋ ಎಂದು ನಾನು ರೇಗಿಸುತ್ತಿದ್ದೆ.

ಆ ಭಾನುವಾರ ದಾಸರಹಳ್ಳಿಗೆ ಹೋಗಿ ಶ್ರೀಕಂಠನನ್ನು ಕರೆದುಕೊಂಡು ಬಂದವನು ನಾನೇ. ಸರೋಜ ಬಾಗಿಲಿಗೆ ಬಂದು, “ಅಣ್ಣಾ, ಅವ್ರಿಗೆ ಈಜು ಬರಲ್ಲ. ನೀವೇ ನೋಡ್ಕೋಬೇಕು,” ಅಂದಳು. “ನಾನಿದ್ದೀನಲ್ಲಮ್ಮ,” ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಏರಿಯ ಮೇಲೆ ಅಂದು ಹಗ್ಗದ ಗಂಟುಗಳನ್ನೆಲ್ಲ ಶ್ರೀಕಂಠನೇ ಹಾಕಿದ. ಕಲಿಯಬೇಕೆಂಬ ಆಸೆ ಅವನಿಗೆ. ಮುನಿರಾಜು ಮುಂದೆ, ನಾನು ನಡುವೆ, ಶ್ರೀಕಂಠ ಹಿಂದೆ. ಕೊನೆಯವನು ಸುಮ್ಮನೆ ಕುಳಿತರೆ ಸಾಕು, ನಡುವಿನವನು ಎರಡು ಕಡೆಯ ಹಗ್ಗವನ್ನೂ ನೋಡಿಕೊಳ್ಳಬೇಕು. ಆರೂವರೆಗೆ ನೀರಿಗಿಳಿದೆವು. ಸ್ವಲ್ಪ ಹೊತ್ತು ಎಲ್ಲ ಎಂದಿನಂತೆಯೇ ನಡೆಯಿತು. ಮುಂದಿನಿಂದ ಒಂದು, ನನ್ನದು ಎರಡು, ಹಿಂದಿನಿಂದ ಮೂರು. ಶ್ರೀಕಂಠ ಬಡಿಯುವ ರೀತಿಯೇ ಬೇರೆ. ಎರಡು ಬೇಗ ಬಡಿದು, ಮೂರನೆಯದನ್ನು ಮರೆತವನಂತೆ ತಡವಾಗಿ ಬಡಿಯುತ್ತಿದ್ದ.

ಆಗ ನನ್ನ ಗಾಳಕ್ಕೆ ಮೀನು ಬಿತ್ತು. ಅಂಥ ಮೀನು ನನ್ನ ಜನ್ಮದಲ್ಲಿ ಬಿದ್ದಿರಲಿಲ್ಲ. ಟ್ಯೂಬನ್ನೇ ಅರ್ಧ ಸುತ್ತು ತಿರುಗಿಸಿತು. ದಾರ ಹೋಗಿ ಹಿಂದಿನ ಹಗ್ಗಕ್ಕೆ ಸುತ್ತಿಕೊಂಡಿತು. ಎರಡು ನಿಮಿಷದ ಮಾತು ಅಂದುಕೊಂಡು ಆ ಹಗ್ಗದ ಗಂಟನ್ನು ಬಿಚ್ಚಿ, ತುದಿಯನ್ನು ಮಂಡಿಯ ಕೆಳಗೆ ಒತ್ತಿಕೊಂಡೆ. ಆಮೇಲೆಲ್ಲ ಮೀನಿನ ಮೇಲೇ ಗಮನ. ಮುನಿರಾಜು ಒಂದು ಬಡಿದದ್ದು ಕೇಳಿಸಿತು, ಕೈ ಬಿಡುವಿರಲಿಲ್ಲ, ನಾನು ಬಡಿಯಲಿಲ್ಲ. ಕೊನೆಗೆ ದಾರ ಕಿತ್ತುಕೊಂಡು ಮೀನು ಹೋಯಿತು. ಮಂಡಿಯ ಕೆಳಗೆ ನೋಡಿದರೆ ಹಗ್ಗವೂ ಇರಲಿಲ್ಲ.

ತಕ್ಷಣ ಕೂಗಬೇಕಿತ್ತು. ಕೂಗಲಿಲ್ಲ. ಯಾಕೆಂದರೆ ಕೂಗಿದರೆ ಹಗ್ಗ ಬಿಚ್ಚಿದ್ದನ್ನು ಹೇಳಬೇಕಾಗುತ್ತಿತ್ತು. ಹಿಂದೆಯೇ ಎಲ್ಲೋ ಇರುತ್ತಾನೆ, ಸದ್ದಿಲ್ಲದೆ ಹೋಗಿ ಕಟ್ಟಿಕೊಂಡು ಬಂದುಬಿಡೋಣ ಅನ್ನಿಸಿತು. ಮುನಿರಾಜುವಿನ ಕಡೆಯ ಗಂಟನ್ನೂ ಬಿಚ್ಚಿ, ಹಿಂದಕ್ಕೆ ಹುಟ್ಟು ಹಾಕಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ದೊಡ್ಡ ದಡ್ಡತನ ಅದು. ದಡ್ಡತನ ಅನ್ನುವುದೂ ನನ್ನ ಮೇಲಿನ ಕರುಣೆಯಿಂದ.

ಶ್ರೀಕಂಠ ಅಲ್ಲಿರಲಿಲ್ಲ. ಎಡಕ್ಕೆ ಹೋದೆ, ಬಲಕ್ಕೆ ಹೋದೆ, ಆಮೇಲೆ ಎಡ ಯಾವುದು ಬಲ ಯಾವುದು ಅನ್ನುವುದೇ ತಪ್ಪಿತು. ಆಗ ಕೂಗಿದೆ, ಗಂಟಲು ಹರಿಯುವ ಹಾಗೆ. ಅವನ ಹೆಸರು, ಮುನಿರಾಜುವಿನ ಹೆಸರು. ಯಾರೂ ಓಗೊಡಲಿಲ್ಲ. ಕೆರೆ ಖಾಲಿ ಕೋಣೆಯ ಹಾಗೆ ಸುಮ್ಮನಿತ್ತು. ಸರೋಜಳ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಏನು ಹೇಳಬೇಕೆಂದು ನಾನಾಗಲೇ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ ಎಂಬುದನ್ನು ನೆನೆದರೆ ಇವತ್ತಿಗೂ ಅಸಹ್ಯವಾಗುತ್ತದೆ.

ಅಷ್ಟರಲ್ಲಿ ಡಬ್ಬದ ಸದ್ದು ಕೇಳಿಸಿತು. ಎರಡು ಬೇಗ, ಒಂದು ತಡವಾಗಿ. ನನಗೆ ಅಳುವೇ ಬಂತು. ಸದ್ದು ಬಂದ ಕಡೆಗೆ ಎರಡು ಕೈಯಲ್ಲೂ ಹುಟ್ಟು ಹಿಡಿದು ಹೊರಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ದಿಕ್ಕು ಸರಿಮಾಡಿಕೊಂಡೆ. ಮತ್ತೆ ಮೂರು. ಹೀಗೆ ಆರೇಳು ಸಲ ಕೇಳಿರಬೇಕು. ಕೊನೆಯ ಸಲ ಕೇಳಿದಾಗ ನನ್ನ ಎದುರಿಗೇ ಅರ್ಧ ಮುಳುಗಿದ ಒಂದು ಜಾಲಿಮರ ಕಂಡಿತು. ಅದರ ಕೊಂಬೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು, ಕುತ್ತಿಗೆಯವರೆಗೆ ನೀರಿನಲ್ಲಿ ಶ್ರೀಕಂಠ ನೇತಾಡುತ್ತಿದ್ದ. ಟ್ಯೂಬಿಗೆ ಜಾಲಿಮುಳ್ಳು ಚುಚ್ಚಿ ಗಾಳಿ ಹೋಗಿತ್ತು. ಅವನ ಕೈಯೆಲ್ಲ ಮುಳ್ಳು, ರಕ್ತ. ಮಾತು ಬರುತ್ತಿರಲಿಲ್ಲ. ಹೇಗೋ ಅವನನ್ನು ನನ್ನ ಹಲಗೆಯ ಮೇಲೆ ಅಡ್ಡಡ್ಡ ಹಾಕಿಕೊಂಡು, ನಾನು ನೀರಿಗಿಳಿದು ಟ್ಯೂಬು ತಳ್ಳುತ್ತ ಹೊರಟೆ. ಬಿಸಿಲು ಬಿದ್ದು ಮಂಜು ಹರಿಯತೊಡಗಿತ್ತು. ಏರಿ ಕಾಣಿಸಿತು.

ಮುನಿರಾಜು ದಡದಲ್ಲಿ ನಿಂತು ಅಳುತ್ತಿದ್ದ. ನಮ್ಮನ್ನು ನೋಡಿದ್ದೇ ಅಳು ಕೋಪಕ್ಕೆ ತಿರುಗಿತು.

“ಎಲ್ಲೋಗಿದ್ರೋ? ಅಗ್ಗ ಎಳುದ್ರೆ ಬರೀ ತುದಿ ಬಂತಲ್ರೋ! ನಾನು ಆವಾಗಿಂದ ಬಡೀತಾವ್ನಿ, ಕೂಗ್ತಾವ್ನಿ, ನಿಮ್ಮಿಬ್ರಲ್ಲಿ ಒಬ್ರಾದ್ರೂ ಡಬ್ಬ ಬಡೀಬಾರ್ದಾ? ಒಂದ್ ಸದ್ದಿಲ್ವಲ್ರೋ!”

ನಾನು ಹಿಂದಕ್ಕೆ ಹೊರಟ ಮೇಲೆ ಮುನಿರಾಜು ಬಡಿದದ್ದಾಗಲೀ ಕೂಗಿದ್ದಾಗಲೀ ನನ್ನ ಕಿವಿಗೆ ಬಿದ್ದಿರಲಿಲ್ಲ. ಕಂಬಳಿ ಹೊದ್ದು ಕುಳಿತ ಶ್ರೀಕಂಠ ಹಲ್ಲು ಕಟಕಟಿಸುತ್ತಲೇ ಅಂದ: “ಬೈಬೇಡ ಗುರು, ಇವ್ನು ಬಡೀತಾನೇ ಇದ್ದ. ಎರಡು, ಎರಡು, ನಿಲ್ಲಿಸ್ಲೇ ಇಲ್ಲ. ಹತ್ತಿರ ಹತ್ತಿರ ಬರ್ತಾ ಇತ್ತು ಕಣೋ. ಅದಿಲ್ದೇ ಇದ್ದಿದ್ರೆ ನಾನು ಯಾವಾಗ್ಲೋ ಕೈ ಬಿಟ್ಬಿಡ್ತಿದ್ದೆ.”

ನಾನು ಅವನ ಮುಖ ನೋಡಿದೆ. “ನೀನೂ ಬಡಿದ್ಯಲ್ಲೋ. ಮೂರು ಮೂರು. ಅದನ್ನ ಹಿಡ್ಕೊಂಡೇ ಬಂದೆ ನಾನು,” ಅಂದೆ.

“ನಾನೆಲ್ಲಿ ಬಡೀಲಿ ಮಗಾ? ಟ್ಯೂಬ್ ಒಡೆದ ತಕ್ಷಣ ಹಲಗೆ ಮಗುಚ್ಕೊಂಡ್ತು, ಡಬ್ಬ ಆವಾಗ್ಲೇ ಮುಳುಗೋಯ್ತು. ನಂಗೆ ಇದ್ದಿದ್ದೇ ಎರಡು ಕೈ, ಎರಡೂ ಮರದ ಮೇಲೆ.”

ನನ್ನ ಡಬ್ಬ ಹಲಗೆಯಲ್ಲಿ ತೂಗುತ್ತಿತ್ತು. ಮೀನು ಬಿದ್ದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಮೊದಲು ದಾರ, ಆಮೇಲೆ ಹುಟ್ಟು, ನನಗೂ ಇದ್ದದ್ದು ಎರಡೇ ಕೈ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುನಿರಾಜು ಶ್ರೀಕಂಠನ ಮೇಲೆ ಹರಿಹಾಯ್ದ. “ಇಂಗಾ ಗಂಟ್ ಆಕೋದು? ಮುಂದ್ಲುದೂ ಬಿಚ್ಕಂಡೈತೆ, ಇಂದ್ಲುದೂ ಬಿಚ್ಕಂಡೈತೆ! ನಿನ್ ಪ್ರಾಣ ನೀನೇ ಕಳ್ಕಂತಿದ್ದಲ್ಲೋ!” ಶ್ರೀಕಂಠ ತಲೆ ತಗ್ಗಿಸಿ, “ತಪ್ಪಾಯ್ತು ಗುರು,” ಅಂದ. ನಾನು ತೆರೆದ ಬಾಯಿ ಮುಚ್ಚಿದೆ.

ಆಮೇಲೆ ನಾನು ಕಾರಣ ಹುಡುಕದೆ ಕೂರಲಿಲ್ಲ. ಏರಿಯ ಕಲ್ಲಿಗೆ ಬಡಿದು ಮರಳಿದ ಸದ್ದಿರಬಹುದು ಅಂದುಕೊಂಡೆ. ಆದರೆ ಆ ಹೊತ್ತು ಡಬ್ಬ ಬಡಿಯುತ್ತಿದ್ದವನು ಮುನಿರಾಜು ಒಬ್ಬನೇ, ಅದೂ ಒಂದೊಂದೇ ಸಲ. ಅಗಸರು ಬಟ್ಟೆ ಒಗೆಯುವ ಸದ್ದಿರಬಹುದು. ಬಟ್ಟೆಗೂ ತಗಡಿಗೂ ವ್ಯತ್ಯಾಸ ತಿಳಿಯದಷ್ಟು ಕಿವುಡ ನಾನಲ್ಲ. ಭಯಕ್ಕೆ ಕಿವಿ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತದೆ ಎಂದು ನಮ್ಮ ಡಾಕ್ಟರೊಬ್ಬರು ಹೇಳಿದರು. ಸರಿ. ಆದರೆ ಇಲ್ಲದ ಸದ್ದನ್ನು ಹಿಂಬಾಲಿಸಿ, ಮಂಜಿನಲ್ಲಿ, ಅಷ್ಟು ದೊಡ್ಡ ಕೆರೆಯಲ್ಲಿ ನೇರವಾಗಿ ಅದೊಂದೇ ಮರಕ್ಕೆ ಹೋಗಿ ಮುಟ್ಟಿದೆನಲ್ಲ, ಅದಕ್ಕೆ ಅವರಲ್ಲಿ ಔಷಧಿಯಿರಲಿಲ್ಲ. ಮುನಿರಾಜು ಮಾತ್ರ ತಲೆಕೆಡಿಸಿಕೊಳ್ಳಲಿಲ್ಲ. ತೂಬಿನ ಹತ್ತಿರ ಒಂದು ತೆಂಗಿನಕಾಯಿ ಒಡೆದು ಬಂದು ಸುಮ್ಮನಾದ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಗಂಟು ಸರಿಯಾಗಿಯೇ ಇತ್ತೆಂದು ಅವನಿಗೆ ಹೇಳುವ ಅವಕಾಶ ಹೋಯಿತು.

ನಾವು ಮತ್ತೆ ಕೆರೆಗೆ ಇಳಿಯಲಿಲ್ಲ. ನಾಲ್ಕು ತಿಂಗಳಿಗೆ ಸರೋಜ ಹೆಣ್ಣುಮಗುವನ್ನು ಹೆತ್ತಳು. ಶ್ರೀಕಂಠ ಈ ಕಥೆಯನ್ನು ಹೇಳದ ಮನೆಯಿಲ್ಲ. ಅವನ ಕಥೆಯಲ್ಲಿ ಗಂಟು ಸಡಿಲ ಹಾಕಿದ ದಡ್ಡ ಅವನು, ಬಿಡದೆ ಡಬ್ಬ ಬಡಿದು ಬದುಕಿಸಿದವನು ನಾನು. ಮೂರು ಮೂರು ಕೇಳಿಸಿತೆಂದು ನಾನು ಹೇಳಿದ್ದನ್ನು ಗಾಬರಿಯ ಮಾತೆಂದು ಅವನು ಎಂದೋ ಬಿಟ್ಟುಬಿಟ್ಟಿದ್ದ. ಮಗಳ ಮದುವೆಯಲ್ಲಿ ಬೀಗರ ಮುಂದೆ ನನ್ನನ್ನು ನಿಲ್ಲಿಸಿ, ನನ್ನ ಬಲಗೈಯನ್ನು ಎತ್ತಿ ತೋರಿಸಿದ. ಸರೋಜ ಕಣ್ಣೊರೆಸಿಕೊಂಡಳು. ಅಳಿಯ ಒಳ್ಳೆಯ ಹುಡುಗ, ಆಸಕ್ತಿಯಿಂದಲೇ ಕೇಳಿದ: “ಎಷ್ಟ್ ಹೊತ್ತು ಬಡಿದ್ರಿ ಅಂಕಲ್?”

ಅಲ್ಲಿಯವರೆಗೆ ನಾನು ಸುಮ್ಮನಿದ್ದವನು, ಅಷ್ಟೇ. ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅರ್ಧ ಗಂಟೆ ಇರಬಹುದು,” ಅಂದೆ.

ಶ್ರೀಕಂಠ ಈಗಲೂ ದಾಸರಹಳ್ಳಿಯಲ್ಲೇ ಇದ್ದಾನೆ, ಪತ್ರಿಕೆ ಪುಸ್ತಕ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಇದನ್ನೂ ಓದಲಿ. ಓದಿ ಮುಗಿಸಿ, “ಹಾಗಾದ್ರೆ ಬಡಿದಿದ್ದು ಯಾರೋ?” ಎಂದು ಕೇಳುತ್ತಾನೆ, ಕೇಳದೆ ಬಿಡುವವನಲ್ಲ. ಅದು ನನಗೆ ಗೊತ್ತಿಲ್ಲ. ಹಗ್ಗ ಬಿಚ್ಚಿದವನು ಯಾರೆಂದು ಮಾತ್ರ ಗೊತ್ತು.