ಚಿಲಕದಮ್ಮನ ಪರೀಕ್ಷೆ

ಆ ಠಾಣೆಯ ಸರಹದ್ದಿನಲ್ಲಿ ಆಕೆಯ ನಿಜನಾಮವನ್ನು ಬಲ್ಲವರು ವಿರಳ. ಹುದ್ದೆಯಿಂದ ಹೆಡ್ ಕಾನ್‌ಸ್ಟೇಬಲ್. ಬೀದಿಬೀದಿಗಳಲ್ಲಿ ಪೊಲೀಸರ ಸುರಕ್ಷತಾ ಸಭೆ ನಡೆಸಿ, ‘ಚಿಲಕ ಹಾಕಿ, ಸರಪಳಿ ತೆಗೆಯಬೇಡಿ, ಮೊದಲು ಠಾಣೆಗೆ ಫೋನ್ ಮಾಡಿ’ ಎಂದು ಬೋಧಿಸುತ್ತಿದ್ದುದರಿಂದ ಆಕೆ ಎಲ್ಲರ ಬಾಯಲ್ಲಿ ಚಿಲಕದಮ್ಮನಾದಳು. ಬೋಧಿಸಿ ಸುಮ್ಮನಾಗುವ ಜಾಯಮಾನ ಆಕೆಯದಲ್ಲ. ಸಭೆ ಮುಗಿದ ಕೆಲವೇ ದಿನಗಳಲ್ಲಿ ಸಮವಸ್ತ್ರ ಕಳಚಿಟ್ಟು, ಮೀಟರ್ ನೋಡುವವಳೆಂದೋ ದೂರದ ನೆಂಟಳೆಂದೋ ಹೇಳಿಕೊಂಡು ಮನೆಮನೆಯ ಬಾಗಿಲು ತಟ್ಟುವಳು. ಹಿಂದುಮುಂದು ನೋಡದೆ ತೆರೆದವರಿಗೆ ಹೊಸ್ತಿಲಲ್ಲಿಯೇ ಮಂಗಳಾರತಿ. ಹೀಗೆ ಊರವರ ಕದಗಳನ್ನೆಲ್ಲ ಭದ್ರಪಡಿಸಿ ಮನೆಗೆ ಮರಳಿದರೆ, ಆಕೆಯ ಕದವನ್ನು ತಟ್ಟುವವರು ಒಬ್ಬರೂ ಇರಲಿಲ್ಲ.

ಒಡಹುಟ್ಟಿದವಳೆಂದು ಇದ್ದವಳು ಅಕ್ಕ ಒಬ್ಬಳೇ. ಕುಡಿದು ವಾಹನ ನಡೆಸಿ ದಾರಿಹೋಕನೊಬ್ಬನ ಕಾಲು ಮುರಿದ ಭಾವನ ಮೇಲೆ ತಂಗಿಯೇ ಮೊಕದ್ದಮೆ ಹೂಡಿದಂದಿನಿಂದ ಅಕ್ಕನ ಮಾತು ನಿಂತಿತ್ತು. ನ್ಯಾಯ ಉಳಿಯಿತು, ನಂಟು ಹರಿಯಿತು. ಧರ್ಮದ ದಾರಿ ಹಿಡಿದವರಿಗೆ ದೇವರು ಜೊತೆಗಿರುತ್ತಾನೆಂಬುದು ಸುಳ್ಳಲ್ಲ. ಆದರೆ ಊಟದ ಹೊತ್ತಿಗೆ ಎದುರು ಕುಳಿತು ‘ಇನ್ನೊಂದು ತುತ್ತು’ ಎನ್ನುವುದಕ್ಕೆ ಮನುಷ್ಯಜೀವವೇ ಬೇಕು.

ಆ ಅಕ್ಕನ ಸಂಸಾರ ಇದೇ ಸರಹದ್ದಿನೊಳಗೆ ಬಾಡಿಗೆಗೆ ಬಂದಿತು. ಸಭೆಯ ಹಿಂದಿನ ಸಾಲಿನಲ್ಲಿ ಅಕ್ಕನನ್ನು ಕಂಡೊಡನೆ ಚಿಲಕದಮ್ಮನ ಮಾತು ತಡವರಿಸಿತು. ಅಕ್ಕ ಎದ್ದುಹೋಗಲಿಲ್ಲ, ಕಡೆಯವರೆಗೂ ಕೇಳಿದಳು. ಅಷ್ಟನ್ನೇ ಕರೆಯೆಂದು ಬಗೆದ ತಂಗಿ ರಜೆಯ ದಿನ ಹಣ್ಣಿನ ಚೀಲ ಹಿಡಿದು ಹೋಗಿ ಬಾಗಿಲು ತಟ್ಟಿದಳು. ಕದ ಸರಪಳಿಯ ಅಳತೆಗೆ ಮಾತ್ರ ತೆರೆಯಿತು.

“ಯಾರು ಬೇಕಿತ್ತು?”

“ಅಕ್ಕಾ, ನಾನು ಕಣೇ.”

“ಓಹೋ, ಮೇಡಂ! ಪರೀಕ್ಷೆಗೆ ಬಂದ್ರಾ? ನೆಂಟರ ವೇಷದಲ್ಲೂ ಬರ್ತೀರಿ ಅಂತ ಎದುರುಮನೆಯವರು ಹೇಳಿದ್ರು.”

“ಪರೀಕ್ಷೆ ಅಲ್ವೇ. ನಿನ್ನ ನೋಡೋಣ ಅಂತ ಬಂದೆ.”

“ಬರೋರೆಲ್ಲಾ ಹಾಗೇ ಹೇಳ್ತಾರೆ, ನಂಬಬೇಡಿ ಅಂತ ಕಲಿಸಿದ್ದು ನೀವೇ ಅಲ್ವಾ? ಗುರುತಿನ ಚೀಟಿ ಇದ್ಯಾ?”

ತಂಗಿ ಬಾಗಿಲ ಸಂದಿನಲ್ಲಿ ಚೀಟಿಯನ್ನು ನೀಡಿದಳು. ಅಕ್ಕ ಕನ್ನಡಕವೇರಿಸಿ ನಿಧಾನವಾಗಿ ಓದಿದಳು.

“ಇದರಲ್ಲಿ ಪೊಲೀಸ್ ಅಂತಿದೆ. ತಂಗಿ ಅಂತ ಎಲ್ಲೂ ಇಲ್ವಲ್ಲಾ.”

ಚೀಟಿ ಹೊರಬಂದಿತು, ಬಾಗಿಲು ಮುಚ್ಚಿತು. ಒಳಗಿನಿಂದ ಫೋನಿನ ಮಾತು ಸ್ಪಷ್ಟವಾಗಿ ಕೇಳಿಸಿತು: “ಠಾಣೆನಾ? ನಮ್ಮ ಬಾಗಿಲಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನಿಂತಿದ್ದಾಳೆ.”

ಎದುರುಮನೆಯಾಕೆ ಕಿಟಕಿಯಿಂದ ಚಪ್ಪಾಳೆ ತಟ್ಟಿದಳು. “ಬೀದಿ ಮಾನ ಉಳೀತು ಚಿಲಕದಮ್ಮಾ! ಹೋದ್ಸಲ ನಾನು ಬಾಗಿಲು ತೆಗೆದಿದ್ದೂ ಅಲ್ದೆ, ಕುರ್ಚಿ ಬೇರೆ ಹಾಕಿ ಬೈಸ್ಕೊಂಡೆ.”

ಚಿಲಕದಮ್ಮ ನಗಲು ಯತ್ನಿಸಿದಳು. ಅಷ್ಟರಲ್ಲಿ ಠಾಣೆಯ ಜೀಪು ಬಂದು ನಿಂತಿತು. ಚಾಲಕ ಆಕೆಯನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕನು.

“ಅಮ್ಮಾ, ಇವತ್ತು ನೀವೇ ಸಿಕ್ಕಿಬಿದ್ರಾ! ಹೇಗೆ, ಮನೆಯವರು ಪಾಸಾ?”

“ನೂರಕ್ಕೆ ನೂರು.”

ಹಣ್ಣನ್ನಾದರೂ ಹೊಸ್ತಿಲ ಬಳಿ ಬಿಟ್ಟುಹೋಗೋಣವೆಂದು ಬಾಗಿದಳು. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಕೂಡದೆಂಬುದೂ ಆಕೆಯದೇ ಪಾಠ. ಮತ್ತೆ ಎತ್ತಿಕೊಂಡು, ಜೀಪು ಹತ್ತಿ, ತೊಡೆಯ ಮೇಲಿರಿಸಿಕೊಂಡಳು.

“ಚೀಲದಲ್ಲೇನಮ್ಮಾ?”

“ವೇಷದ ಸಾಮಾನು ಕಣಪ್ಪಾ. ನಡಿ.”