ಸ್ಪೀಕರಿನಲ್ಲಿ ಗಂಡನ ಹೊಟ್ಟೆ

ಪೀಣ್ಯದ ಕಾರ್ಖಾನೆಗಳಿಗೆ ಗ್ಲೂ, ಅಂದರೆ ರಟ್ಟಿನ ಡಬ್ಬ ಅಂಟಿಸುವ ಗೋಂದು, ಮಾರುವುದು ನನ್ನ ಕೆಲಸ. ಒಂದು ದಿನ ದೊಡ್ಡ ಗಿರಾಕಿಯೊಬ್ಬರ ಶೆಡ್ಡಿನಲ್ಲಿ ಆರ್ಡರ್ ಮಾತಾಡುತ್ತಿದ್ದಾಗ ಅತ್ತೆಯ ಫೋನ್ ಬಂತು. ನನ್ನ ಗಂಡನಿಗೆ ಗೋಧಿಯಲ್ಲಿರುವ ಗ್ಲೂಟನ್ ಆಗಿಬರುವುದಿಲ್ಲ ಎಂದು ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು. ಮಷೀನುಗಳ ಗಲಾಟೆಯಲ್ಲಿ ನಾನು ಕೂಗಿ ಹೇಳಿದೆ: "ಹೌದು ಅತ್ತೆ, ಇನ್ಮೇಲೆ ನಮ್ಮನೇಲಿ ಎಲ್ರಿಗೂ ಗ್ಲೂಟನ್ ಫ್ರೀ!"

ಫೋನ್ ಇಟ್ಟಾಗ ಮಾಲೀಕರ ಮುಖ ಕೆಂಪಗಾಗಿತ್ತು. "ನಿಮ್ಮನೇವ್ರಿಗೆಲ್ಲ ಗ್ಲೂ ಟಿನ್ ಫ್ರೀ, ನಾನು ಕೇಳಿದ್ರೆ ಒಂದು ರೂಪಾಯೀನೂ ಬಿಡಲ್ಲ ಅಂತೀರಲ್ಲ ಮೇಡಂ? ಆರ್ಡರ್ ಬೇರೆಯವರಿಗೆ ಕೊಡ್ತೀನಿ ಬಿಡಿ."

"ಅಯ್ಯೋ ಸಾರ್, ಅದು ಟಿನ್ ಅಲ್ಲ, ಗ್ಲೂಟನ್. ಚಪಾತಿ ತಿಂದ್ರೆ ನಮ್ಮೆಜಮಾನ್ರಿಗೆ ಹೊಟ್ಟೆ ಕೆಡುತ್ತೆ."

"ಚಪಾತಿ ತಿಂದು ಯಾರಿಗಾದ್ರೂ ಹೊಟ್ಟೆ ಕೆಡುತ್ತಾ? ಕಥೆ ಕಟ್ಬೇಡಿ."

ಬೇರೆ ದಾರಿ ಕಾಣದೆ ಗಂಡನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, "ಚಪಾತಿ ತಿಂದ್ರೆ ನಿಮಗೇನಾಗುತ್ತೆ ಹೇಳ್ರೀ" ಅಂದೆ. ಅದೇ ಹೊತ್ತಿಗೆ ಟೀ ಟೈಮಾಗಿ ಮಷೀನುಗಳೆಲ್ಲ ನಿಂತವು.

"ಏನಾಗುತ್ತಾ? ಮೊದಲು ಹೊಟ್ಟೆ ಡೊಳ್ಳಿನ ಥರ ಉಬ್ಬುತ್ತೆ. ಆಮೇಲೆ ಒಳಗೆ ಗುಡುಗುಡು. ಆಮೇಲೆ ಓಡ್ಬೇಕು ಕಣೇ. ಮೊನ್ನೆ ಪೂರಿ ತಿಂದಾಗ ಚಿಲಕ ಹಾಕೋಕೂ ಟೈಮ್ ಸಿಗ್ಲಿಲ್ಲ, ಅಷ್ಟರಲ್ಲೇ..."

ಇಡೀ ಶೆಡ್ಡು ಉಸಿರು ಬಿಗಿಹಿಡಿದು ಕೇಳುತ್ತಿತ್ತು.

"ಸಾಕು ಮೇಡಂ, ನಂಬಿದೆ" ಎಂದು ಮಾಲೀಕರು ಕೈಮುಗಿದು, ಆರ್ಡರಿಗೆ ಸಹಿ ಹಾಕಿದರು.

ಈಗ ನಾನು ಹೋದಾಗಲೆಲ್ಲ ಅಲ್ಲಿನ ಕೆಲಸಗಾರರು, "ಅಣ್ಣಾರ ಹೊಟ್ಟಿ ಹೆಂಗೈತ್ರಿ ಅಕ್ಕಾರ?" ಎಂದು ಪ್ರೀತಿಯಿಂದ ವಿಚಾರಿಸುತ್ತಾರೆ. ಪೀಣ್ಯದಲ್ಲಿ ತನಗೆ ಇಷ್ಟೊಂದು ಹಿತೈಷಿಗಳಿದ್ದಾರೆ ಅನ್ನೋದು ನನ್ನ ಗಂಡನಿಗೆ ಇನ್ನೂ ಗೊತ್ತಿಲ್ಲ.