ಜಿಪ್ಪಕ್ಕನ ಕಾರ್ಡು

ಪರದೇಶದ ಆ ಊರಿನಲ್ಲಿ, ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಒಂದು ಹೊಲಿಗೆ ಕೋಣೆ. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ತಲೆಯ ಮೇಲೆ ಹೊತ್ತು ಗೊತ್ತಿಲ್ಲದೆ ಗೊಳಗೊಳ ಅನ್ನುವ ನೀರಿನ ಕೊಳವೆ. ಅವಳಿಗೆ ಅಲ್ಲೇ ಕೆಲಸ. ಕೆಟ್ಟ ಜಿಪ್ಪು ಬಿಚ್ಚಿ ಹೊಸದು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಕನ್ನಡ ಮಾತಾಡುವ ನಾಲ್ಕಾರು ಮನೆಗಳ ಬಾಯಲ್ಲಿ ಅವಳು ಜಿಪ್ಪಕ್ಕ ಆದಳು. ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. "ಜಿಪ್ಪಕ್ಕ, ಬಾಯಿಗೂ ಒಂದು ಹಾಕ್ಕೋ ಮಾರಾಯ್ತಿ."

ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಒಲೆ ಕಾಯುವವನು. ಮಕ್ಕಳಿಬ್ಬರೂ ಹೆಣ್ಣು. ದೊಡ್ಡವಳಿಗೆ ಹನ್ನೊಂದು, ಚಿಕ್ಕವಳಿಗೆ ಐದು. ಚಿಕ್ಕವಳಿಗೆ ಉಬ್ಬಸ. ಅಂಗೈಯಗಲದ ಔಷಧದ ಪಂಪು ಇಲ್ಲದೆ ಅವಳು ಬೀದಿ ದಾಟುವ ಹಾಗಿರಲಿಲ್ಲ. ಇವರ ಜೊತೆಗೆ ಜಿಪ್ಪಕ್ಕನ ತಂಗಿ. ಚಿಕ್ಕವಳು ಹುಟ್ಟಿದಾಗ ಬಾಣಂತನಕ್ಕೆ ಅಂತ ಬಂದವಳು, ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ ಸಿಕ್ಕಿತು, ಉಳಿದುಕೊಂಡಳು. ಮೂವತ್ತೊಂದು ವರ್ಷ, ಮದುವೆ ಇಲ್ಲ. ಮುಂದಿನ ವರ್ಷಕ್ಕೆ ಅಂತ ಊರಲ್ಲಿ ಅಮ್ಮ ಒಂದು ಸಂಬಂಧ ನೋಡಿ ಮಾತು ಮುಗಿಸಿದ್ದಳು. ಗಂಡಿನ ಫೋಟೊ ತಂಗಿಯ ಫೋನಿನಲ್ಲಿತ್ತು. ದಿನಕ್ಕೆ ಹತ್ತು ಸಲ ತೆಗೆದು ನೋಡಿ, "ಕಿವಿ ದೊಡ್ಡದಾಯ್ತು ಅಲ್ವಾ ಅಕ್ಕ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಆ ದೇಶದಲ್ಲಿ, ವಿಮೆ ಇಲ್ಲದವರಿಗೆ ಇರಲು ಪರವಾನಗಿ ಇಲ್ಲ ಅಂತ ಹೊಸ ಕಾನೂನು ಬಂತು. ಕಾರ್ಖಾನೆ ಗಂಡನೊಬ್ಬನಿಗೆ ಮಾತ್ರ ವಿಮೆ ಕೊಟ್ಟಿತ್ತು. ಹೆಂಡತಿ ಮಕ್ಕಳು ನಿಮ್ಮ ತಲೆನೋವು ಅಂದಿತ್ತು. ಇದಕ್ಕೆ ಆಗ ಅವರು ಅಲೆದದ್ದು ಅಷ್ಟಿಷ್ಟಲ್ಲ. ಮೊದಲನೇ ಆಫೀಸಿನಲ್ಲಿ ಗಾಜಿನ ಗೂಡಿನೊಳಗಿನ ಹುಡುಗಿ ಎಲ್ಲರ ವಯಸ್ಸು ಒತ್ತಿ, ಪರದೆಯನ್ನು ಇವರ ಕಡೆ ತಿರುಗಿಸಿದಳು. ಗಂಡ ಅಂಕಿ ನೋಡಿದ, ಕುರ್ಚಿ ಬಿಸಿಯಾದಂತೆ ಎದ್ದೇಬಿಟ್ಟ. ಎರಡನೆಯ ಕಡೆ ಉಬ್ಬಸ ಅನ್ನುವ ಮಾತು ಬಾಯಿಂದ ಬಿದ್ದದ್ದೇ ತಡ, ಅವರೇ ಎದ್ದು ಬಾಗಿಲು ತೆಗೆದರು.

ಕೊನೆಗೆ ಯಾರೋ ಹೇಳಿದರು ಅಂತ ಫೋನ್ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ ಹೋದರು. ಅಲ್ಲಿದ್ದ ಏಜೆಂಟು ಕನ್ನಡದವರೇ. ಅಗ್ಗದ ಪಾಲಿಸಿ ಹುಡುಕಿಕೊಡುವುದಕ್ಕೆ ಎಲ್ಲರೂ ಅವರನ್ನು ಅಗ್ಗಪ್ಪ ಅನ್ನುತ್ತಿದ್ದರು. ಅವರು ಅರ್ಧ ದಿನ ಕೂತು, ಜಿಪ್ಪಕ್ಕನಿಗೂ ಇಬ್ಬರು ಮಕ್ಕಳಿಗೂ ಕೈಗೆಟುಕುವ ಒಂದನ್ನು ಹೆಕ್ಕಿ ತೆಗೆದರು. ಉಬ್ಬಸವೂ ಅದರೊಳಗೆ ಬಂತು. ಜಿಪ್ಪಕ್ಕನಿಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

"ಸಾರ್, ನನ್ನ ತಂಗೀನೂ ಸೇರಿಸಿ" ಅಂದಳು.

"ತಂಗಿ ಕುಟುಂಬಕ್ಕೆ ಬರಲ್ಲಮ್ಮ."

"ಒಂದೇ ಒಲೆ ಸಾರ್ ನಮ್ಮದು."

"ಈ ಕಾಗದಕ್ಕೆ ಒಲೆ ಗೊತ್ತಿಲ್ಲ. ಗಂಡ, ಹೆಂಡತಿ, ಮಕ್ಕಳು ಅಷ್ಟೇ ಗೊತ್ತು. ಅವರಿಗೆ ಪರವಾನಗಿ ಉಳಿಯೋ ಮಟ್ಟಿಗೆ ಬರೀ ಅಪಘಾತದ್ದೊಂದು ಮಾಡಿಕೊಡ್ತೀನಿ. ಬಸ್ಸು ಬಡಿದರೆ ದುಡ್ಡು ಬರುತ್ತೆ. ಜ್ವರ ಬಂದರೆ ಇಲ್ಲ." ಆಮೇಲೆ ಅವರು ಕಾಗದದ ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ಮಾತ್ರ ಮರೀಬೇಡಿ. ಒಬ್ಬರ ವಿಷಯದಲ್ಲಿ ಒಂದು ಸುಳ್ಳು ಸಿಕ್ಕಿದರೂ ಇಡೀ ಮನೆಯದು ರದ್ದು. ಮಗುವಿಂದೂ ಸೇರಿ. ಮತ್ತೆ ಯಾವ ಕಂಪನಿಯೂ ಹತ್ತಿರ ಸೇರಿಸಲ್ಲ."

ಜಿಪ್ಪಕ್ಕ ತಲೆಯಾಡಿಸಿದಳು. ಸುಳ್ಳು ಹೇಳುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ.

ಆ ಚಳಿಗಾಲದಲ್ಲೇ ತಂಗಿಗೆ ಜ್ವರ ಬಂತು. ಮೂರನೇ ದಿನ ಅವಳು ಗೋಡೆಯ ಜೊತೆ ಮಾತಾಡತೊಡಗಿದಳು. ಜಿಪ್ಪಕ್ಕ ತನ್ನ ಪರ್ಸಿನಿಂದ ವಿಮೆ ಕಾರ್ಡು ತೆಗೆದು ಅವಳ ಕೈಗಿಟ್ಟಳು. ಅದರಲ್ಲಿ ಫೋಟೊ ಇರಲಿಲ್ಲ. ಹೆಸರು, ಹುಟ್ಟಿದ ದಿನ, ಒಂದು ಉದ್ದದ ನಂಬರು. ಇದು ಮೋಸ ಅಂತ ಅಕ್ಕ ತಂಗಿ ಇಬ್ಬರಿಗೂ ಅನ್ನಿಸಲೇ ಇಲ್ಲ. ಒಂದು ಸ್ವೆಟರು, ಒಂದು ಜೊತೆ ಒಳ್ಳೆಯ ಚಪ್ಪಲಿ, ಒಂದು ಛತ್ರಿ, ಹೊರಗೆ ಹೋಗುವವರು ಯಾರೋ ಅವರು ಹಾಕಿಕೊಳ್ಳುವುದು. ಅವರು ಬೆಳೆದದ್ದೇ ಹಾಗೆ. ಕಾರ್ಡೂ ಹಾಗೇ ಆಯಿತು.

ಸಣ್ಣ ದವಾಖಾನೆ, ದಿನಾ ಬೇರೆ ಬೇರೆ ಡಾಕ್ಟರು. ಮುಖ ನೆನಪಿಡುವವರು ಯಾರೂ ಇರಲಿಲ್ಲ. ಆದರೂ ಏನಾದರೂ ಕೇಳಿದರೆ ಅಂತ ಅಡುಗೆಮನೆಯಲ್ಲಿ ತಂಗಿಗೆ ಪಾಠ ನಡೆಯುತ್ತಿತ್ತು. ಭಾವನೇ ಡಾಕ್ಟರು.

"ಏನಮ್ಮಾ, ವಯಸ್ಸೆಷ್ಟು?"

"ಮೂವತ್ತಾರು ಸಾರ್."

"ನೋಡಿದರೆ ಹಾಗೆ ಕಾಣಲ್ಲವಲ್ಲ?"

"ಗಂಡ ಚೆನ್ನಾಗಿ ನೋಡ್ಕೋತಾನೆ ಸಾರ್."

"ಮಕ್ಕಳು?"

"ಎರಡು. ಹಿರೀದು ಸೋಂಬೇರಿ, ಕಿರೀದು ಚಂಡಿ."

ಮಕ್ಕಳು ಕೂಗಾಡಿ ನಗುತ್ತಿದ್ದವು. ಜಿಪ್ಪಕ್ಕನೂ ನಗುತ್ತಿದ್ದಳು. ನಗು ನಿಂತ ಗಳಿಗೆ ಅವಳಿಗೆ ಹಿಡಿಸುತ್ತಿರಲಿಲ್ಲ. ಎದ್ದು ನಲ್ಲಿ ಬಿಡುತ್ತಿದ್ದಳು.

ಹೀಗೆ ಎರಡು ವರ್ಷ. ಕೆಮ್ಮಿಗೆ, ಹಲ್ಲುನೋವಿಗೆ, ಬೆನ್ನುನೋವಿಗೆ ತಂಗಿ ಹೋಗಿ ಬಂದಳು. ಜಿಪ್ಪಕ್ಕ ಮಾತ್ರ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಇಬ್ಬರೂ ಹೋದರೆ ಎರಡು ಮೈ ಅಂತ ಗೊತ್ತಾಗಿಬಿಟ್ಟರೆ? ಸೊಂಟ ಹಿಡಿದಾಗ ಮೆಷಿನ್ನಿಗೆ ಆತುಕೊಂಡು ನಿಂತು ಸುಧಾರಿಸಿಕೊಂಡಳು. ದವಾಖಾನೆಯ ಕಂಪ್ಯೂಟರಿನಲ್ಲಿ ಅವಳ ಹೆಸರಿನಡಿ ಇದ್ದದ್ದೆಲ್ಲ ಈಗ ತಂಗಿಯ ನೋವು. ಅವಳದು ಅಂತ ಉಳಿದದ್ದು ಎರಡು ಹೆರಿಗೆ ಮಾತ್ರ.

ಒಂದು ದಿನ ಲಾಂಡ್ರಿಯಿಂದ ಫೋನು ಬಂತು. ತಂಗಿ ಇಸ್ತ್ರಿ ಮೇಜಿನ ಬುಡದಲ್ಲಿ ಬಿದ್ದಿದ್ದಳು. ಐದು ತಿಂಗಳಿಂದ ಅವಳಿಗೆ ರಕ್ತ ಹೋಗುತ್ತಿತ್ತು. ತಿಂಗಳಲ್ಲಿ ಇಪ್ಪತ್ತು ದಿನ. ಕಪ್ಪು ಲಂಗ ಉಟ್ಟುಕೊಂಡು ತುಟಿಪಿಟಿಕ್ಕೆನ್ನದೆ ಓಡಾಡುತ್ತಿದ್ದಳು.

"ಯಾಕೆ ಹೇಳಲಿಲ್ಲ ಕಣೇ?"

"ಎಷ್ಟೂಂತ ನಿನ್ನ ಹೆಸರು ಸವೆಸಲಿ ಅಕ್ಕ?"

ಈ ಸಲ ಸಣ್ಣ ದವಾಖಾನೆಗೆ ಆಗುವಂಥದ್ದಲ್ಲ, ದೊಡ್ಡ ಆಸ್ಪತ್ರೆಯೇ ಬೇಕಾಯಿತು. ಅಲ್ಲಿಯ ಭಾಷೆ ಜಿಪ್ಪಕ್ಕನಿಗೆ ಹೆಚ್ಚು ಬರುತ್ತಿತ್ತು. ಹಾಗಾಗಿ ಅವಳೇ ಜೊತೆಗೆ ಹೋದಳು, ರೋಗಿಯ ತಂಗಿ ಅಂತ. ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು. ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದ ಹೆಂಗಸು ಪರದೆಯನ್ನು ಬಹಳ ಹೊತ್ತು ನೋಡಿದಳು. ಕಾಗದ ನೋಡಿದಳು. ಮತ್ತೆ ಪರದೆ ನೋಡಿದಳು. "ಎರಡು ಹೆರಿಗೆ ಆದದ್ದು ಗೊತ್ತೇ ಆಗಲ್ಲ, ಪುಣ್ಯವಂತೆ" ಅಂದಳು. ಜಿಪ್ಪಕ್ಕ ತಟ್ಟನೆ ತಂಗಿಯ ಮುಖ ನೋಡಿದಳು. ತಂಗಿಗೆ ಮಾತು ಅರ್ಥವಾಗಲಿಲ್ಲ. ಅವಳು ಸುಮ್ಮನೆ ನಕ್ಕಳು.

ಗೆಡ್ಡೆಗಳಿವೆ, ತೆಗೆಯಬೇಕು ಅಂದರು ಡಾಕ್ಟರು. ಬೇಗ ಬೇಗ ಮಾತಾಡುವ ಹೆಂಗಸು. ಅರ್ಧ ಜಿಪ್ಪಕ್ಕನ ಕಿವಿಗೆ ಬಿತ್ತು, ಇನ್ನರ್ಧಕ್ಕೆ ಅವಳು ಸುಮ್ಮನೆ ತಲೆಯಾಡಿಸಿದಳು. ಆಪರೇಷನ್ನಿಗೆ ದಿನ ಗೊತ್ತಾಯಿತು. ವಿಮೆ ಕಂಪನಿಯ ಒಪ್ಪಿಗೆ ನಾಲ್ಕೇ ದಿನದಲ್ಲಿ ಬಂತು.

ಅಗ್ಗಪ್ಪನವರು ಫೋನಿನಲ್ಲಿ ಅಚ್ಚರಿಪಟ್ಟರು. "ಇಷ್ಟು ಬೇಗ ಅವರು ಒಪ್ಪಿದ್ದು ನಾನು ನೋಡೇ ಇಲ್ಲಮ್ಮ. ಮೈ ಹೇಗಿದೆ ನಿಮ್ಮದು?"

"ಇದೆ ಸಾರ್" ಅಂದಳು ಜಿಪ್ಪಕ್ಕ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯ ಕಾಗದ ಬಂತು. ಆ ಮನೆಯಲ್ಲಿ ಕಾಗದ ಓದುವುದು ದೊಡ್ಡ ಮಗಳ ಕೆಲಸ. ವಿದ್ಯುತ್ ಬಿಲ್ಲು, ಬಾಡಿಗೆ ನೋಟಿಸು, ಎಲ್ಲವನ್ನೂ ಅವಳೇ ಓದಿ ಕನ್ನಡದಲ್ಲಿ ಹೇಳುವುದು. ಶಾಲೆಯ ಚೀಲ ಹೆಗಲಲ್ಲೇ ಇತ್ತು. ಬಾಗಿಲಲ್ಲೇ ನಿಂತು ಕವರು ಹರಿದಳು.

"ಬೆಳಗ್ಗೆ ಏಳಕ್ಕೆ ಬರಬೇಕು. ಏನೂ ತಿನ್ನಬಾರದು. ಒಡವೆ ಹಾಕ್ಕೋಬಾರದು. ಆಮೇಲೆ..." ಮಗಳು ನಿಂತಳು. ಆ ಪದಕ್ಕೆ ಫೋನಿನಲ್ಲಿ ಅರ್ಥ ಹುಡುಕಿದಳು. "ಅಮ್ಮ, ಗರ್ಭಕೋಶ ಪೂರ್ತಿ ತೆಗೀತಾರಂತೆ. ಎರಡು ಮಕ್ಕಳಾಗಿರೋದರಿಂದ ಅಂತ ಬರೆದಿದೆ." ತಲೆಯೆತ್ತಿ ಕೇಳಿದಳು. "ಅದು ಮಗು ಇರೋ ಚೀಲ ಅಲ್ವಾ? ನಿಂದಾ ತೆಗೆಯೋದು, ಚಿಕ್ಕಮ್ಮಂದಾ?"

ಒಳಗೆ ಮಲಗಿದ್ದ ತಂಗಿ ಕೇಳಿಸಿಕೊಂಡಳು. ಕಂಬಳಿಯನ್ನು ತಲೆಯ ತನಕ ಎಳೆದುಕೊಂಡಳು. ಅತ್ತಿದ್ದರೂ ಒಂದು ಸಮಾಧಾನ ಇರುತ್ತಿತ್ತು.

ಜಿಪ್ಪಕ್ಕ ಉಟ್ಟ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದಳು. ಒಂದೂವರೆ ಗಂಟೆ ಕಾದ ಮೇಲೆ ಮೊಗಸಾಲೆಯಲ್ಲಿ ಡಾಕ್ಟರು ಸಿಕ್ಕಿದರು.

"ಬರೀ ಗೆಡ್ಡೆ ತೆಗೆದು ಅದನ್ನ ಉಳಿಸಕ್ಕಾಗಲ್ವಾ ಮೇಡಂ?"

"ಉಳಿಸಿದರೆ ಗೆಡ್ಡೆ ಮತ್ತೆ ಬರಬಹುದು. ನಿಮ್ಮ ಅಕ್ಕನಿಗೆ ವಯಸ್ಸು ಮೂವತ್ತೆಂಟು, ಎರಡು ಮಕ್ಕಳಿದ್ದಾರೆ. ಕಂಪನಿ ಒಪ್ಪಿರೋದೂ ಇದಕ್ಕೇ."

"ಮಕ್ಕಳಿಲ್ಲದವರಿಗೆ?"

"ಅವರಿಗೆ ಬೇರೆ ಥರ ಮಾಡ್ತೀವಿ. ಹೊತ್ತು ಹಿಡಿಯುತ್ತೆ, ಆದರೂ ಉಳಿಸೋಕೆ ನೋಡ್ತೀವಿ." ಡಾಕ್ಟರು ಅವಳನ್ನು ದಿಟ್ಟಿಸಿ ನೋಡಿದರು. "ಯಾಕೆ ಕೇಳಿದ್ರಿ?"

ಮಾತು ನಾಲಿಗೆ ತುದಿಗೆ ಬಂತು. ಐದು ವರ್ಷದ ಚಿಕ್ಕವಳು ಕಣ್ಣ ಮುಂದೆ ಬಂದಳು. "ಸುಮ್ಮನೆ" ಅಂದಳು ಜಿಪ್ಪಕ್ಕ.

ಮನೆಯಲ್ಲಿ ಗಂಡ ಕಾರ್ಖಾನೆಯ ಹಿಟ್ಟಿನ ಬಟ್ಟೆಯಲ್ಲೇ ಕೂತಿದ್ದ. ವಿಷಯ ಕೇಳಿ ಮುಖ ಮುಚ್ಚಿಕೊಂಡ. "ಹೇಳಿದರೆ ನಿಮ್ಮ ಮೂವರದ್ದೂ ಹೋಗುತ್ತೆ ಕಣೇ. ವಿಮೆ ಹೋದರೆ ಪರವಾನಗಿ ಹೋಗುತ್ತೆ. ಮಗುಗೆ ಪಂಪು ಎಲ್ಲಿಂದ ತರೋಣ?" ಮತ್ತೆ ಅವನೇ ಅಂದ. "ಹೇಳದೇ ಇದ್ದರೆ ಅವಳ ಮುಖ ನಾನು ಹೇಗೆ ನೋಡಲಿ? ನನ್ನ ಕೇಳಬೇಡ. ನನಗೆ ಗೊತ್ತಾಗ್ತಿಲ್ಲ."

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಿಳಿಚಿದ ಮುಖ. "ತೆಗೀಲಿ ಬಿಡಿ ಭಾವ. ಊರಲ್ಲಿ ಸಂಬಂಧ ಬೇಡ ಅಂತ ಅಮ್ಮನಿಗೆ ಹೇಳಿಬಿಡಿ. ಹೇಗೂ ಕಿವಿ ದೊಡ್ಡದು ಅವನದು."

ಗಂಡ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟ.

ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಇಬ್ಬರೂ ಆಸ್ಪತ್ರೆಯ ಕೌಂಟರಿನ ಮುಂದೆ ಇದ್ದರು. ಅಲ್ಲಿಯ ಹೆಂಗಸು ಜಿಪ್ಪಕ್ಕನ ಹೆಸರು ಅಚ್ಚು ಹಾಕಿದ ಪ್ಲಾಸ್ಟಿಕ್ ಪಟ್ಟಿಯನ್ನು ತಂಗಿಯ ಮಣಿಕಟ್ಟಿಗೆ ಸುತ್ತಿ ಒತ್ತಿದಳು. ಟಕ್ ಅಂತ ಸದ್ದಾಯಿತು. ಬಿಚ್ಚಲು ಬರುವ ಪಟ್ಟಿ ಅದಲ್ಲ. ತಂಗಿಯನ್ನು ಗಾಲಿ ಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೋದರು. ಅವಳು ಹಿಂದಿರುಗಿ ನೋಡಲಿಲ್ಲ. ಚಾವಣಿಯ ದೀಪ ನೋಡುತ್ತಾ ಹೋದಳು, ಹೊಲಿಸಲು ಕೊಟ್ಟ ಬಟ್ಟೆಯ ಹಾಗೆ.

ಕೌಂಟರಿನವಳು ಒಂದು ಹಾಳೆ ಮುಂದಿಟ್ಟಳು. "ನೀವು ತಂಗಿ ಅಲ್ವಾ? ಇಲ್ಲಿ ಸಹಿ ಮಾಡಿ. ಅಕಸ್ಮಾತ್ ಮಂಚದ ಮೇಲೇ ಜೀವ ಹೋದರೆ ಯಾರಿಗೆ ತಿಳಿಸಬೇಕು ಅನ್ನೋದನ್ನೂ ಬರೀರಿ."

ಜಿಪ್ಪಕ್ಕ ಪೆನ್ನು ಹಿಡಿದಳು. ಸಾಯುವವಳ ಹೆಸರು ಇದ್ದ ಕಡೆ ತನ್ನ ಹೆಸರಿತ್ತು. ತಾನು ಸಹಿ ಮಾಡಬೇಕಾದದ್ದು ತಂಗಿಯ ಹೆಸರಿನಲ್ಲಿ. ಊರಿನಲ್ಲಿ ಅಮ್ಮನಿಗೆ ಇವರು ಯಾವ ಮಗಳು ಹೋದಳು ಅಂತ ಹೇಳುತ್ತಾರೆ? ಜೀವ ಉಳಿದರೂ ಹೋಗುವುದೊಂದು ಇದೆಯಲ್ಲ, ಅದು ಹೋದದ್ದು ಯಾರದು ಅಂತ ಯಾವ ಕಾಗದದಲ್ಲಿ ಇರುತ್ತದೆ? ಎಲ್ಲಿಯೂ ಇರುವುದಿಲ್ಲ. ಎರಡು ಮಕ್ಕಳ ತಾಯಿಯದು ತೆಗೆದೆವು ಅಂತ ಬರೆದು ಫೈಲು ಮುಚ್ಚುತ್ತಾರೆ.

ಅವಳು ಪೆನ್ನು ಕೆಳಗಿಟ್ಟಳು.

"ನಿಲ್ಲಿಸಿ" ಅಂದಳು. ಮೊದಲು ಕನ್ನಡದಲ್ಲೇ ಬಂತು. ಆಮೇಲೆ ಅವರ ಭಾಷೆಯಲ್ಲಿ ಅಂದಳು. "ಈ ಹೆಸರು ನಂದು. ಆ ಮಕ್ಕಳು ನನ್ನವು. ಒಳಗೆ ಹೋದವಳಿಗೆ ಮದುವೆಯೇ ಆಗಿಲ್ಲ. ಬೇಗ ಹೇಳಿ ಮೇಡಂ, ಕೈ ಮುಗೀತೀನಿ, ಕತ್ತರಿ ಹಾಕೋ ಮುಂಚೆ ಹೇಳಿ."

ಕೌಂಟರಿನವಳು ಎದ್ದು ನಿಂತಳು. ಕಾರ್ಡು ತೆಗೆದುಕೊಂಡಳು. ಫೋನೆತ್ತಿ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಇನ್ನೊಂದು ನಂಬರಿಗೂ ಮಾಡಿದಳು. ಆ ಎರಡನೇ ಫೋನು ಮೊದಲಿನದಕ್ಕಿಂತ ಉದ್ದವಾಗಿತ್ತು.

ಹತ್ತು ನಿಮಿಷಕ್ಕೆ ಡಾಕ್ಟರು ಹಸಿರು ಟೋಪಿಯಲ್ಲೇ ಬಂದರು. ಬೇಗ ಬೇಗ ಮಾತಾಡುವವರು ಈಗ ಒಂದೊಂದೇ ಪದ ಬಿಡಿಸಿ ಮಾತಾಡಿದರು. ಇವತ್ತು ಕೈ ಹಾಕಲ್ಲ. ತಂಗಿಯ ಹೆಸರಿನಲ್ಲೇ ಹೊಸ ಫೈಲು, ರಕ್ತ ಪರೀಕ್ಷೆ ಎಲ್ಲ ಮೊದಲಿಂದ. ಬಹಳ ರಕ್ತ ಕಳಕೊಂಡಿದ್ದಾಳೆ. ರಕ್ತ ನಿಂತರೆ ಉಳಿಸಬಹುದು, ನಿಲ್ಲದಿದ್ದರೆ ಭರವಸೆ ಕೊಡಲ್ಲ. ತಿರುಗಿ ಹೋಗುತ್ತಾ ಕೇಳಿದರು. "ನಿನ್ನೆ ಮೊಗಸಾಲೆಯಲ್ಲಿ ಯಾಕೆ ಹೇಳಲಿಲ್ಲ?"

ಜಿಪ್ಪಕ್ಕ ಪರ್ಸಿನಲ್ಲಿ ಫೋನು ಹುಡುಕತೊಡಗಿದಳು.

ಅವಳು ಗಂಡನಿಗೆ ಫೋನು ಮಾಡಿದಳು. "ಹೇಳಿಬಿಟ್ಟೆ ರೀ."

ಆ ಕಡೆ ಒಲೆಯ ಗುಂಯ್ಗುಡುವ ಸದ್ದು. ಅವನು ಕೇಳಿದ. "ಅವಳು ಹೇಗಿದ್ದಾಳೆ?"

"ಗೊತ್ತಿಲ್ಲ. ನೀವು ಔಷಧದ ಅಂಗಡಿಗೆ ಹೋಗಿ. ಈಗಲೇ ಹೋಗಿ. ಮಗೂದು ಕಾರ್ಡು ಇನ್ನೂ ನಡೀತಿರುವಾಗಲೇ ಎಷ್ಟು ಪಂಪು ಕೊಡ್ತಾರೋ ಅಷ್ಟು..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. "ಬೇಡ. ಬೇಡ ರೀ. ಇನ್ನು ಅದೂ ಬೇಡ."

ವಿಮೆ ಕಂಪನಿಯ ಬೂದು ಕೋಟಿನವರೊಬ್ಬರು ಬಂದು ಅವಳ ಪೂರ್ತಿ ಹೆಸರು ಓದಿ, ನೀವೇನಾ ಅಂತ ಕೇಳಿದರು. ಹೌದು ಅಂದಳು. ಅವರ ಹಿಂದೆ ಉದ್ದ ನಡೆದು ಕಿಟಕಿಯಿಲ್ಲದ ಕೋಣೆಗೆ ಹೋದಳು. ಒಂದು ಮೇಜು, ಮೂರು ಕುರ್ಚಿ. ಒಂದರಲ್ಲಿ ಆಗಲೇ ಒಬ್ಬ ಹೆಂಗಸು ಕೂತಿದ್ದಳು. ಮೇಜಿನ ಮೇಲೆ ಎರಡು ವರ್ಷದ ಕಾಗದ, ಗೇಣುದ್ದದ ಕಟ್ಟು. ಇಷ್ಟು ಬೇಗ ಅದನ್ನೆಲ್ಲ ಎಲ್ಲಿಂದ ತೆಗೆದರೋ.

"ಶುರುವಿಂದ ಹೇಳಿ" ಅಂದರು ಬೂದು ಕೋಟಿನವರು.

"ನನ್ನ ತಂಗೀದು ಉಳಿಯುತ್ತಾ ಸಾರ್?"

"ಅದು ಡಾಕ್ಟರನ್ನ ಕೇಳಬೇಕು. ನಮ್ಮ ಕೆಲಸ ಬೇರೆ."

ಆ ಹೆಂಗಸು ಎದ್ದು ಬಾಗಿಲು ಮುಚ್ಚಿದಳು. ಜಿಪ್ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.